ಹೋದ ದಾರಿಯಲ್ಲೇ ವಾಪಸ್ಸು

ನನ್ನ ಗಂಡನನ್ನು ಅವರ ಜೊತೆ ಕೆಲಸ ಮಾಡುವವರೆಲ್ಲ ನಿಧಾನಪ್ಪ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಇವರೂ ನಗುನಗುತ್ತಾ ಓಗೊಡುತ್ತಾರೆ. ಮೊದಲು ಆ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಈಗ ನಾನೂ ಹಾಗೇ ಕರೆಯುತ್ತೇನೆ, ಅದರಲ್ಲೂ ಊಟಕ್ಕೆ ತಟ್ಟೆ ಇಟ್ಟು ಹತ್ತು ನಿಮಿಷವಾದರೂ ಇವರು ಕೈ ತೊಳೆಯುತ್ತಲೇ ಇರುವಾಗ. ಈ ನಿಧಾನಪ್ಪ ಒಂದು ಸಾಫ್ಟ್‌ವೇರ್ ಆರಿಸಿದ ಕಥೆ ಇದು. ಬೇರೆ ಯಾರಾದರೂ ಹೇಳಿದರೆ ಯಂತ್ರವನ್ನು ಹೊಗಳಿ ಮುಗಿಸಿಬಿಡುತ್ತಾರೆ ಎಂದು ನಾನೇ ಬರೆಯಲು ಕೂತಿದ್ದೇನೆ. ಗಂಡನ ವಿಷಯದಲ್ಲಿ ಇವಳಿಗೆ ಜಂಭ ಎಂದುಕೊಂಡರೆ ಅಂದುಕೊಳ್ಳಿ. ಇದೆ.

ಇವರದು ವಿದ್ಯುತ್ ಲೈನಿನ ಗಸ್ತು. ಊರಾಚೆಯ ಸಬ್‌ಸ್ಟೇಷನ್ನಿನಿಂದ ಹೊರಟ ದೊಡ್ಡ ತಂತಿಗಳ ಕೆಳಗೆ, ಒಂದು ಟವರಿನಿಂದ ಇನ್ನೊಂದು ಟವರಿಗೆ ನಡೆಯುವುದು, ಕತ್ತೆತ್ತಿ ದುರ್ಬೀನಿನಲ್ಲಿ ನೋಡುವುದು. ತಂತಿಯನ್ನು ಹಿಡಿದಿರುವ ಪಿಂಗಾಣಿ ಬಿಲ್ಲೆ ಒಡೆದಿದೆಯೇ, ಕೊಂಬೆ ಬೆಳೆದು ತಂತಿಯ ಹತ್ತಿರ ಬಂದಿದೆಯೇ, ಯಾರಾದರೂ ಟವರಿನ ಕಬ್ಬಿಣದ ಪಟ್ಟಿ ಬಿಚ್ಚಿಕೊಂಡು ಹೋಗಿದ್ದಾರೆಯೇ, ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವುದು. ಇಂಥ ಗಸ್ತಿನವರು ಒಂಬತ್ತು ಜನ. ಇವರು ಇಪ್ಪತ್ತಾರು ವರ್ಷದಿಂದ ನಡೆಯುತ್ತಿದ್ದಾರೆ, ಅದರಲ್ಲಿ ಇಪ್ಪತ್ನಾಲ್ಕು ವರ್ಷ ಎಡಗಾಲು ಸ್ವಲ್ಪ ಎಳೆಯುತ್ತಾ.

ಗಸ್ತಿನವರದು ಒಂದು ಪದ್ಧತಿ ಇದೆ. ಯಾವ ಪುಸ್ತಕದಲ್ಲೂ ಬರೆದಿಲ್ಲ, ಹಳಬರಿಂದ ಹೊಸಬರಿಗೆ ಬಂದದ್ದು. ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಸೀಮೆಸುಣ್ಣ ಇರುತ್ತದೆ. ಹೋಗುವಾಗ ಪ್ರತಿ ಟವರಿನ ಕಾಲಿಗೆ ಒಂದು ಉದ್ದ ಗೀಟು ಎಳೆಯಬೇಕು. ಬರುವಾಗ ಅದರ ಮೇಲೆ ಅಡ್ಡ ಗೀಟು. ಎರಡೂ ಇದ್ದರೆ ಮನುಷ್ಯ ಹೋಗಿ ಬಂದಿದ್ದಾನೆ. ಒಂದೇ ಇದ್ದರೆ ಇನ್ನೂ ಮುಂದೆ ಎಲ್ಲೋ ಇದ್ದಾನೆ. ಹೊತ್ತು ಮೀರಿದರೂ ಯಾರಾದರೂ ಬರಲಿಲ್ಲವೆಂದರೆ ಉಳಿದವರು ಗೀಟು ನೋಡುತ್ತಾ ಹುಡುಕಿಕೊಂಡು ಹೋಗುತ್ತಾರೆ. ಇವರ ಪ್ಯಾಂಟಿನ ಜೇಬು ಒಗೆದೂ ಒಗೆದೂ ಬೆಳ್ಳಗಾಗಿರುವುದಕ್ಕೆ ಇದೇ ಕಾರಣ, ಮತ್ತು ಒಗೆಯುವವಳು ನಾನು.

ನನ್ನದೊಂದು ಸಣ್ಣ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಸಬ್‌ಸ್ಟೇಷನ್ ರಸ್ತೆಯ ಮೂಲೆಯಲ್ಲಿ, ಸೈಕಲ್ ರಿಪೇರಿಯವನ ಪಕ್ಕ. ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಮತ್ತು ದಿನಕ್ಕೆ ಹತ್ತು ಹಾಳೆಯಾದರೂ ನುಂಗದೆ ಸಮಾಧಾನವಾಗದ ಒಂದು ಜೆರಾಕ್ಸ್ ಯಂತ್ರ. ಅರ್ಜಿ, ಬಾಡಿಗೆ ಕರಾರು, ಮಕ್ಕಳ ಪ್ರಾಜೆಕ್ಟು, ಎಲ್ಲ ಅಲ್ಲೇ. ಈ ಕಥೆ ಅರ್ಧ ನಡೆದದ್ದೂ ಅಲ್ಲೇ, ಏಕೆಂದರೆ ಕಚೇರಿಯ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ತಿನ್ನಿಸಿದರೆ ಅರಗುತ್ತಿರಲಿಲ್ಲ.

ಒಂದು ದಿನ ಕಚೇರಿಗೆ ಡ್ರೋನ್ ಬಂತು. ಒಂದೇ ಒಂದು. ದೊಡ್ಡ ಸಾಹೇಬರು ಒಂಬತ್ತು ಗಸ್ತಿನವರನ್ನೂ ಸಾಲಾಗಿ ನಿಲ್ಲಿಸಿ, ಇನ್ನು ಮುಂದೆ ನಡೆಯುವುದು ಕಡಿಮೆ, ಹಾರಿಸುವುದು ಜಾಸ್ತಿ ಎಂದರು. ಹಾರಿಸುವವರು ಯಾರು? ಅದನ್ನೇ ತೀರ್ಮಾನಿಸಬೇಕಿತ್ತು. ಹೊರಗಿನ ಕಂಪನಿಯೊಂದು ಇಡೀ ಲೈನನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಆಗಲೇ ಬಾಗಿಲಲ್ಲಿ ನಿಂತಿತ್ತು. ಸಾಹೇಬರು ನೇರವಾಗಿಯೇ ಹೇಳಿದರು: "ನಿಮ್ಮಲ್ಲೇ ಒಬ್ಬರು, ಇಂಜಿನಿಯರ್ ಒಬ್ಬರು ಸೇರಿ ಮೂರರಲ್ಲಿ ಒಂದು ಸಾಫ್ಟ್‌ವೇರ್ ಆರಿಸಿ. ತಿಂಗಳ ಕೊನೆಗೆ ಮೇಲಿನವರ ಮುಂದೆ ಹಾರಿಸಿ ತೋರಿಸಿ. ಸರಿ ಹೋದ್ರೆ ಲೈನ್ ನಿಮ್ಮದೇ. ಡ್ರೋನ್ ಬಿದ್ರೆ ಲೈನ್ ಕಂಪನಿಗೆ ಹೋಗುತ್ತೆ, ನೀವೆಲ್ಲ ಗೋಡೌನಿಗೆ." ಗೋಡೌನು ಎಂದರೆ ಕಿಟಕಿಯಿಲ್ಲದ ತಗಡಿನ ಶೆಡ್ಡು. ಇಪ್ಪತ್ತಾರು ವರ್ಷ ಆಕಾಶ ನೋಡಿದವರನ್ನು ಅಲ್ಲಿ ಬೋಲ್ಟು ಎಣಿಸಲು ಕೂರಿಸುತ್ತಾರಂತೆ.

ಉಳಿದ ಎಂಟು ಜನ ಇವರನ್ನೇ ಮುಂದೆ ತಳ್ಳಿದರು. ಯಾಕೆ ಎಂದು ನಾನು ಗಡಿಬಿಡಿಯನ್ನು ಕೇಳಿದೆ. ಗಡಿಬಿಡಿ ಎಂದರೆ ಇವರ ಜೋಡಿ ಗಸ್ತಿನವನು. ಶರ್ಟಿನ ಗುಂಡಿಯನ್ನು ಯಾವತ್ತೂ ಸರಿಯಾದ ಕಾಜಕ್ಕೆ ಹಾಕಿಕೊಂಡವನಲ್ಲ. ಅವನು ಹೇಳಿದ: "ಅತ್ತಿಗೆ, ನಮ್ಮಲ್ಲಿ ಯಾರಾದ್ರೂ ಆಗಿದ್ರೆ ಮೊದಲನೇದನ್ನೇ ನೋಡಿ ಆಯ್ತು ಅಂತಿದ್ವಿ. ಅಣ್ಣ ಮೂರನ್ನೂ ಅರೆದು ಕುಡೀತಾನೆ."

ಇಂಜಿನಿಯರ್ ಹುಡುಗಿ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಬಂದಳು. ಕಚೇರಿಗೆ ಸೇರಿ ಎರಡು ವರ್ಷವಾಗಿತ್ತು. ಚುರುಕು, ಮಾತು ಪಟಪಟ. ನನಗೆ ಕೂತ ತಕ್ಷಣ ಪಾಠ ಮಾಡಿದಳು. ಡ್ರೋನಿಗೆ ತಾನಾಗಿ ದಾರಿ ಗೊತ್ತಿರುವುದಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ಎತ್ತರದಲ್ಲಿ, ತಂತಿಯಿಂದ ಎಷ್ಟು ದೂರದಲ್ಲಿ, ಎಲ್ಲಿ ನಿಂತು ಫೋಟೊ ತೆಗೆಯಬೇಕು ಎಂಬುದನ್ನು ಮೊದಲೇ ಕಂಪ್ಯೂಟರಿನಲ್ಲಿ ಗುರುತು ಮಾಡಿ ಅದಕ್ಕೆ ತುಂಬಿ ಕಳಿಸಬೇಕು. ಹಾಗೆ ಗುರುತು ಮಾಡುವ ಸಾಫ್ಟ್‌ವೇರುಗಳೇ ಈ ಮೂರು. ಅವುಗಳ ಹೆಸರು ನಾಲಿಗೆಗೆ ಹತ್ತಲಿಲ್ಲ, ನಾವು ನಮ್ಮದೇ ಹೆಸರಿಟ್ಟೆವು.

ಮೊದಲನೆಯದು ಚೆಲುವಿ. ಏನು ಬಣ್ಣ, ಏನು ಒನಪು! ಗುಡ್ಡ ಗುಡ್ಡದ ಹಾಗೇ ಎದ್ದು ನಿಲ್ಲುತ್ತಿತ್ತು, ಟವರಿನ ನೆರಳೂ ಕಾಣುತ್ತಿತ್ತು. ಎರಡನೆಯದು ಜಾಣ. ಒಂದು ಗುಂಡಿ ಒತ್ತಿದರೆ ದಾರಿಯನ್ನು ತಾನೇ ಬರೆದುಕೊಳ್ಳುತ್ತಿತ್ತು, ಹೆಣ್ಣಿನ ದನಿಯಲ್ಲಿ ಮಾತನಾಡುತ್ತಲೂ ಇತ್ತು. ಮೂರನೆಯದು ಬೂದಿ. ಬೂದು ಪರದೆ, ಬೂದು ಗೆರೆ, ಪರೀಕ್ಷೆಯ ಅರ್ಜಿಯಂತೆ ಸಾಲು ಸಾಲು ಖಾಲಿ ಮನೆ. ಎಲ್ಲವನ್ನೂ ನಾವೇ ತುಂಬಬೇಕು. ಅದನ್ನು ನೋಡಿದ ಕೂಡಲೇ ನಾನು ಮೂಗು ಮುರಿದೆ.

ಸಂಜೆ ಡ್ಯೂಟಿ ಮುಗಿಸಿ ಇವರು ಅಂಗಡಿಗೆ ಬರುತ್ತಿದ್ದರು. ಕನ್ನಡಕ ಒರೆಸಿ, ಸ್ಟೂಲು ಎಳೆದುಕೊಂಡು, ಮೌಸನ್ನು ಒಡೆಯುವ ಸಾಮಾನೇನೋ ಎಂಬಂತೆ ಎರಡು ಬೆರಳಿನಲ್ಲಿ ಹಿಡಿಯುತ್ತಿದ್ದರು. ಚೆಲುವಿಗೆ ಮೂರು ದಿನ ಕೊಟ್ಟರು. ಜಾಣನಿಗೆ ಮೂರು ದಿನ ಕೊಟ್ಟರು. ಮೆಚ್ಚಿಯೂ ಮೆಚ್ಚಿದರು. ಎರಡರ ಬಗ್ಗೆಯೂ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದರು.

"ಮೇಡಂ, ಮಧ್ಯದಲ್ಲಿ ಸಿಗ್ನಲ್ ಹೋದ್ರೆ ಇದು ಏನು ಮಾಡುತ್ತೆ?"

"ಅದಕ್ಕೇನೂ ಹೆದರಬೇಡಿ ಅಣ್ಣ. ತಾನೇ ಮೇಲಕ್ಕೆ ಏರುತ್ತೆ, ನೆಟ್ಟಗೆ ಹೊರಟ ಜಾಗಕ್ಕೆ ಬಂದು ಇಳಿಯುತ್ತೆ."

"ನೆಟ್ಟಗೆ ಅಂದ್ರೆ? ಹೋದ ದಾರೀಲಿ ಅಲ್ವಾ?"

"ಅದ್ಯಾಕೆ ಸುತ್ತು? ಅಡ್ಡಕ್ಕೆ ಬಂದ್ರೆ ಬೇಗ ಬರುತ್ತಲ್ಲ."

ಇವರು ಮೌಸನ್ನು ಕೆಳಗಿಟ್ಟರು. ಮುಖ ನೋಡಿದೆ, ನನಗೆ ಗೊತ್ತಾಯಿತು. ಆ ಹುಡುಗಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಗುವುದು ಹೇಗೆ, ಅವಳಾಗ ಅಂಬೆಗಾಲಿಡುತ್ತಿದ್ದಳೇನೋ.

ಅದು ಇಪ್ಪತ್ನಾಲ್ಕು ವರ್ಷದ ಹಿಂದಿನ ಮಾತು, ನಮಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅವತ್ತು ಬೆಳಿಗ್ಗೆ ಮಂಜು ಮುಸುಕಿತ್ತು. ಇವರು ಹೊರಡುವಾಗ ನಾನು ಬಾಗಿಲಲ್ಲಿ ನಿಂತು, "ಇವತ್ತು ಬೇಗ ಬನ್ರೀ, ಸಿನಿಮಾಕ್ಕೆ ಹೋಗೋಣ" ಎಂದೆ. ಆ ಮಾತನ್ನು ನಾನು ಆಡದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಆಗ ಇವರನ್ನು ಯಾರೂ ನಿಧಾನಪ್ಪ ಎನ್ನುತ್ತಿರಲಿಲ್ಲ. ಗಸ್ತಿನವರಲ್ಲೆಲ್ಲ ಚುರುಕು ಕಾಲು ಇವರದೇ ಆಗಿತ್ತು.

ನಮ್ಮ ಲೈನು ಹನ್ನೆರಡನೇ ಟವರಿನವರೆಗೆ ಬಯಲಿನಲ್ಲಿ ಹೋಗಿ, ಆಮೇಲೆ ಮೊಣಕೈ ಮಡಚಿದ ಹಾಗೆ ಗುಡ್ಡವನ್ನು ಬಳಸುತ್ತದೆ. ಹದಿನಾರನೇ ಟವರು ಗುಡ್ಡದ ಹಿಂದೆ. ಅಲ್ಲಿಂದ ಲೈನಿನಗುಂಟ ವಾಪಸ್ಸು ಬರಲು ಒಂದು ಗಂಟೆಗೂ ಮೇಲೆ ಬೇಕು. ಗುಡ್ಡಕ್ಕೆ ಅಡ್ಡ ಬಿದ್ದರೆ ಅರ್ಧ ಗಂಟೆ. ಇವರು ಅವತ್ತು ಹದಿನಾರಕ್ಕೆ ಗೀಟು ಎಳೆದು, ಉಳಿದದ್ದನ್ನು ನಾಳೆ ನೋಡಿಕೊಂಡರಾಯಿತು ಎಂದು ಅಡ್ಡಕ್ಕೆ ಇಳಿದರು. ಗುಡ್ಡದ ಈ ಮಗ್ಗುಲಿನಲ್ಲಿ ಬಿಟ್ಟುಹೋದ ಕಲ್ಲುಗಣಿಗಳಿವೆ, ಮೇಲೆಲ್ಲ ಪೊದೆ ಬೆಳೆದು ಗುಂಡಿ ಕಾಣುವುದಿಲ್ಲ. ಮಂಜಿನಲ್ಲಿ ಕಾಲಿಟ್ಟದ್ದು ಪೊದೆಯ ಮೇಲೆ, ಬಿದ್ದದ್ದು ಎರಡಾಳು ಆಳಕ್ಕೆ. ಎಡಗಾಲು ಮುರಿಯಿತು.

ಉಳಿದವರು ಗೀಟು ನೋಡುತ್ತಾ ಹುಡುಕಿಕೊಂಡು ಹೋದರು. ಹದಿನಾರರಲ್ಲಿ ಒಂದು ಗೀಟಿದೆ, ಅಡ್ಡ ಗೀಟಿಲ್ಲ. ಹದಿನೇಳರಲ್ಲಿ ಏನೂ ಇಲ್ಲ. ಹಾಗಾದರೆ ಇವೆರಡರ ನಡುವೆ ಇರಬೇಕು ಎಂದು ಅಲ್ಲೇ ಜಾಲಾಡಿದರು. ಪಾಪ, ಅವರ ತಪ್ಪೇನಿದೆ? ಗೀಟು ಹೇಳಿದ್ದನ್ನೇ ಅವರು ನಂಬಿದರು. ಮೂವತ್ತು ಗಂಟೆ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಬಂದವರೆಲ್ಲ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಹದಿನಾರರಲ್ಲಿ ಎರಡನೇ ಗೀಟಿಲ್ಲ." ಕೊನೆಗೆ ಇವರನ್ನು ಕಂಡುಹಿಡಿದದ್ದು ಗಡಿಬಿಡಿ. ಹುಡುಕಿ ಸುಸ್ತಾಗಿ, ಬೇಗ ಮನೆ ಸೇರೋಣ ಎಂದು ಅವನೂ ಅದೇ ಅಡ್ಡದಾರಿ ಹಿಡಿದಿದ್ದ. ಗುಂಡಿಯೊಳಗಿನಿಂದ ದನಿ ಕೇಳಿತು. ಅವನ ಗಡಿಬಿಡಿಯಿಂದ ಲೋಕಕ್ಕೆ ಆದ ಒಂದೇ ಉಪಕಾರ ಅದು, ಮತ್ತು ಅದಕ್ಕಾಗಿ ಅವನು ಎಷ್ಟು ಸಲ ಬಂದರೂ ನಮ್ಮ ಮನೆಯಲ್ಲಿ ಊಟ ಇದೆ.

ಕಾಲು ಕೂಡಿಕೊಂಡ ಮೇಲೆ ಇವರು ಬೇರೆಯೇ ಮನುಷ್ಯ. ಎಂಥ ಬಿಸಿಲಿರಲಿ, ಸುಸ್ತಿರಲಿ, ಹೋದ ದಾರಿಯಲ್ಲೇ ವಾಪಸ್ಸು, ಪ್ರತಿ ಟವರಿಗೂ ಅಡ್ಡ ಗೀಟು. ನಿಧಾನಪ್ಪ ಎಂಬ ಹೆಸರು ಬಿದ್ದದ್ದು ಆಗ.

ಇದನ್ನೆಲ್ಲ ಆ ಹುಡುಗಿಗೆ ನಾನೇ ಹೇಳಿದೆ, ಇವರು ಚಹಾ ತರಲು ಹೋದಾಗ. ಅವಳು ಗಮನವಿಟ್ಟು ಕೇಳಿದಳು. ಆದರೆ ಸುಮ್ಮನೆ ಒಪ್ಪುವ ಜಾತಿಯಲ್ಲ. ಇವರು ಬಂದ ಮೇಲೆ, "ಅಣ್ಣ, ಗುಂಡಿ ಇರೋದು ನೆಲದಲ್ಲಿ. ಡ್ರೋನ್ ಮೇಲೆ ಹಾರುತ್ತೆ" ಎಂದಳು.

"ಗುಡ್ಡದ ನೆತ್ತಿ ಮೇಲೆ ಇನ್ನೂ ದೊಡ್ಡ ಲೈನ್ ಹೋಗಿದೆ ಮೇಡಂ. ಅಡ್ಡಕ್ಕೆ ಬಂದ್ರೆ ಅದಕ್ಕೇ ಹೊಡೆಯುತ್ತೆ."

"ಇನ್ನೂ ಎತ್ತರಕ್ಕೆ ಏರೋ ಹಾಗೆ ಮಾಡಿದ್ರಾಯ್ತು."

"ಮಾಡಬಹುದು." ಇವರು ಚಹಾವನ್ನು ಊದಿ ಊದಿ ಕುಡಿದರು. ನಾವಿಬ್ಬರೂ ಕಾದೆವು. "ಆದ್ರೆ ಬರ್ತಾ ಬರ್ತಾ ಬ್ಯಾಟರಿ ಮುಗಿದು ಬಿತ್ತು ಅಂದ್ಕೊಳ್ಳಿ. ಆ ಪೊದೆಯಲ್ಲಿ ಎಲ್ಲಿ ಹುಡುಕ್ತೀರಿ? ಅದೇ ಲೈನ್ ಪಕ್ಕ ಬಿದ್ರೆ ನಾವು ಒಂಬತ್ತು ಜನ ಕಣ್ಣು ಮುಚ್ಚಿಕೊಂಡು ಹೋಗಿ ಎತ್ಕೊಂಡು ಬರ್ತೀವಿ. ಕಳೆದುಹೋಗೋದು ತಪ್ಪಲ್ಲ ಮೇಡಂ. ಹುಡುಕೋರಿಗೆ ಸಿಗದ ಕಡೆ ಕಳೆದುಹೋಗಬಾರದು."

ಅವಳು ಪರದೆಯ ಮೇಲಿದ್ದದ್ದನ್ನು ಮುಚ್ಚಿದಳು. ಆಮೇಲೆ ತಾನೇ ಬೂದಿಯನ್ನು ತೆರೆದಳು.

ಬೂದಿಯಲ್ಲಿ ಪ್ರತಿ ಟವರಿಗೂ ಒಂದು ಸಾಲು. ಆ ಸಾಲಿನಲ್ಲಿ ಒಂದು ಮನೆ: ಇಲ್ಲಿ ಸಂಪರ್ಕ ತಪ್ಪಿದರೆ ಏನು ಮಾಡಬೇಕು? ಅದರೊಳಗೆ ನಾಲ್ಕು ಉತ್ತರ, ನಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಮೂರನೆಯ ಉತ್ತರ, ಹೋದ ದಾರಿಯಲ್ಲೇ ಹಿಂತಿರುಗು. ಸಾಲಿನ ಕೊನೆಯಲ್ಲಿ ಇನ್ನೆರಡು ಮನೆ. ಒಂದು, ಹೋಗುವಾಗ ಈ ಟವರು ದಾಟಿದ ಹೊತ್ತು. ಇನ್ನೊಂದು, ಬರುವಾಗ ದಾಟಿದ ಹೊತ್ತು. ಅದನ್ನು ಡ್ರೋನ್ ತಾನೇ ಬರೆದುಕೊಳ್ಳುತ್ತದೆ.

ಇವರು ಆ ಎರಡು ಮನೆಗಳ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು. "ಗೀಟು ಇದೆ ಕಣೇ ಇದರಲ್ಲಿ. ಎರಡೂ ಇದೆ!" ಎಂದರು. ಮದುವೆಯಾದಾಗಲೂ ಈ ಮುಖದ ಮೇಲೆ ಅಷ್ಟು ಖುಷಿ ನೋಡಿರಲಿಲ್ಲ ಎಂದು ರೇಗಿಸಿದೆ.

ಅಲ್ಲಿಂದ ಒಂದು ವಾರ ಇವರು ಬೂದಿಯನ್ನು ತುಂಬಿದರು. ಒಂದನೇ ಟವರಿನಿಂದ ಹದಿನೆಂಟರವರೆಗೆ, ಇಪ್ಪತ್ತಾರು ವರ್ಷದ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು. ಯಾವ ಟವರಿನ ಬಲಗಡೆ ಮರ ಇದೆ, ಎಲ್ಲಿ ಗಾಳಿ ಜಾಸ್ತಿ, ಬಿಸಿಲೇರಿದಾಗ ಎಲ್ಲಿ ತಂತಿ ಎಷ್ಟು ಜೋತುಬೀಳುತ್ತದೆ, ಒಂದೂ ಬಿಡಲಿಲ್ಲ. ಇಂಜಿನಿಯರ್ ಹುಡುಗಿ ಪಕ್ಕದಲ್ಲಿ ಕೂತು ನೋಡುತ್ತಾ, "ಅಕ್ಕಾ, ನಕ್ಷೆಯಲ್ಲಿ ಇದ್ಯಾವುದೂ ಇಲ್ಲ" ಎಂದಳು. ನನಗೆ ಹೆಮ್ಮೆಯಿಂದ ಕತ್ತು ಎರಡು ಇಂಚು ಉದ್ದವಾಯಿತು. ಆ ಹೊತ್ತಿನಲ್ಲಿ ಯಾರೋ ಜೆರಾಕ್ಸಿಗೆ ಬಂದರೆ ಅವರ ಹಾಳೆಯನ್ನು ತಲೆಕೆಳಗು ಇಟ್ಟುಬಿಟ್ಟೆ.

ಆ ಹೆಮ್ಮೆ ಇಳಿದದ್ದು ಮೊದಲ ಪರೀಕ್ಷೆಯ ದಿನ. ಡ್ರೋನ್ ಚೆನ್ನಾಗಿ ಎದ್ದಿತು, ಟವರು ಟವರಿಗೂ ನಿಂತು ಫೋಟೊ ತೆಗೆಯಿತು, ಹನ್ನೆರಡಕ್ಕೆ ಹೋಗಿ ಸುಮ್ಮನೆ ನಿಂತುಬಿಟ್ಟಿತು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಫೋಟೊ ಇಲ್ಲ, ಏನಿಲ್ಲ, ಸುಮ್ಮನೆ ಗಾಳಿಯಲ್ಲಿ ನೇತಾಡುತ್ತಿದೆ. ಕೆಟ್ಟಿತು ಎಂದು ಎಲ್ಲರಿಗೂ ಬೆವರು. ಹತ್ತು ನಿಮಿಷವಾದ ಮೇಲೆ ತಾನೇ ಮುಂದೆ ಹೊರಟಿತು, ಆದರೆ ಬ್ಯಾಟರಿ ಸಾಲದು ಎಂದು ಇಂಜಿನಿಯರ್ ಹುಡುಗಿ ವಾಪಸ್ಸು ಕರೆಸಿಕೊಳ್ಳಬೇಕಾಯಿತು. ಅವಳು ಹನ್ನೆರಡನೇ ಸಾಲು ತೆಗೆದು ನೋಡಿದಳು. ನಿಲ್ಲಬೇಕಾದ ಸಮಯ, ಹತ್ತು ನಿಮಿಷ. ಬರೆದವರು ನಮ್ಮ ಯಜಮಾನರೇ.

"ಇದೇನಣ್ಣಾ ಹತ್ತು ನಿಮಿಷ?"

ಇವರು ಗಲ್ಲ ಕೆರೆದುಕೊಂಡರು. "ಅಲ್ಲಿ ನಾವು ಊಟಕ್ಕೆ ಕೂರ್ತೀವಿ ಮೇಡಂ. ಒಂದು ಮರ ಇದೆ. ಎಲ್ಲಾನೂ ಬರೀರಿ ಅಂದ್ರಲ್ಲ, ಬರೆದೆ."

ನಗು ಹೇಗೆ ಎದ್ದಿತೆಂದರೆ ಸಬ್‌ಸ್ಟೇಷನ್ನಿನ ಕಾವಲುಗಾರನೂ ಗೇಟು ಬಿಟ್ಟು ಬಂದ. ಡ್ರೋನಿಗೆ ಊಟಕ್ಕೆ ಬಿಡುವು ಕೊಟ್ಟ ಪುಣ್ಯಾತ್ಮ ಎಂದು ಇಡೀ ಕಚೇರಿಯಲ್ಲಿ ಸುದ್ದಿ. ಗಡಿಬಿಡಿ ಮಾರನೇ ದಿನ ಡ್ರೋನಿನ ಪೆಟ್ಟಿಗೆಯ ಮೇಲೆ ಟಿಫಿನ್ ಡಬ್ಬಿ ಇಟ್ಟು ಬಂದ. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಆದರೆ ಇವರು ಆ ಸಾಲನ್ನು ಅಳಿಸಲಿಲ್ಲ. ಹತ್ತನ್ನು ಒಂದು ಮಾಡಿದರು, ಹೋಗುವಾಗಲೂ ಒಂದು, ಬರುವಾಗಲೂ ಒಂದು. ಹುಡುಗಿ ಅದೂ ಬೇಡ ಎಂದಳು. "ಇರಲಿ ಮೇಡಂ. ಅಲ್ಲಿ ಕೂರೋದು ಮರ ಇದೆ ಅಂತ ಮಾತ್ರ ಅಲ್ಲ. ಗುಡ್ಡದ ಹಿಂದಿನಿಂದ ಬಂದೋರಿಗೆ ಸ್ಟೇಷನ್ ಮೊದಲು ಕಾಣೋದು ಅಲ್ಲಿಂದ. ನಮ್ಮ ವೈರ್‌ಲೆಸ್ಸೂ ಅಲ್ಲೇ ಹಿಡಿಯೋದು" ಎಂದರು. ಅವಳು ಹಣೆ ಚಚ್ಚಿಕೊಂಡು ಬಿಟ್ಟುಬಿಟ್ಟಳು.

ಸಾಹೇಬರಿಗೆ ಮಾತ್ರ ಚೆಲುವಿಯೇ ಬೇಕಿತ್ತು. ಮೇಲಿನವರ ಮುಂದೆ ತೋರಿಸುವುದಲ್ಲವೇ, ನೋಡಲು ಚಂದ ಇರಬೇಕು. ಸಭೆಯಲ್ಲಿ ಚೆಲುವಿಯ ಹೆಸರು ಬರೆದ ಹಾಳೆಯನ್ನು ಇವರ ಮುಂದೆ ಇಟ್ಟು ಸಹಿ ಹಾಕಿ ಎಂದರು. ಇವರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರಂತೆ. "ಇದಕ್ಕೆ ನಾನು ಹಾಕಲ್ಲ ಸಾರ್." ಇಪ್ಪತ್ತಾರು ವರ್ಷದಲ್ಲಿ ಸಾಹೇಬರುಗಳಿಗೆ ಇವರು ಇಲ್ಲ ಎಂದದ್ದು ಅದೇ ಮೊದಲು. ಪಕ್ಕದಲ್ಲಿ ಕೂತಿದ್ದ ಹುಡುಗಿಯೂ, "ನಾನೂ ಹಾಕಲ್ಲ ಸಾರ್" ಎಂದಳಂತೆ. ಸಾಹೇಬರ ಮುಖ ಕೆಂಪಾಯಿತು. "ಸರಿ. ಯಾವುದು ಬೇಕೋ ಬರೆದು ತನ್ನಿ. ಕಾರಣಾನೂ ಬರೀರಿ. ಅದು ಬಿದ್ರೆ ಈ ಒಂಬತ್ತು ಜನಕ್ಕೆ ನೀವೇ ಜವಾಬು."

ಆ ವರದಿಯನ್ನು ಟೈಪ್ ಮಾಡಿದವಳು ನಾನು. ಕಾರಣ ಎಂಬ ಜಾಗಕ್ಕೆ ಬಂದಾಗ ಏನು ಬರೆಯಲಿ ಎಂದು ಕೇಳಿದೆ. ಇವರು ಹೇಳಿದ್ದು ಒಂದೇ ಸಾಲು: ಹೋದ ದಾರಿಯಲ್ಲೇ ಬರುತ್ತದೆ.

"ಇಷ್ಟೇನಾ? ಅರ್ಧ ಪುಟ ಜಾಗ ಇದೆ."

"ಇಷ್ಟೇ."

ನನಗೆ ಸಿಟ್ಟು ಬಂತು. ಜವಾಬನ್ನು ತಲೆ ಮೇಲೆ ಹೊತ್ತುಕೊಂಡು ಬಂದಿದ್ದೀರಿ, ಎಂಟು ಮನೆಯವರು ನಾಳೆ ನನ್ನ ಮುಖ ನೋಡುತ್ತಾರೆ, ಎಲ್ಲರ ಹಾಗೆ ತಲೆಯಾಡಿಸಿ ಬರಲು ಏನಾಗಿತ್ತು ನಿಮಗೆ ಎಂದು ಬಾಯಿಗೆ ಬಂದಂತೆ ಅಂದೆ. ಇವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅಡ್ಡಕ್ಕೆ ಬಾ ಅಂತ ಅದಕ್ಕೆ ನಾನು ಹೇಗೆ ಹೇಳಲಿ?" ಎಂದರು. ಆ ಸಾಲನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಪ್ರಿಂಟು ತೆಗೆದೆ.

ತೋರಿಸುವ ದಿನ ಬಂತು. ಬೆಳಿಗ್ಗೆ ಹತ್ತು ಗಂಟೆ, ಸಬ್‌ಸ್ಟೇಷನ್ನಿನ ಹಿಂದಿನ ಬಯಲು. ಮೇಲಿನ ಕಚೇರಿಯಿಂದ ಇಬ್ಬರು, ನಮ್ಮ ದೊಡ್ಡ ಸಾಹೇಬರು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಬೂದಿ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಾದ್ದರಿಂದ ನಾನೂ ಅದರ ಜೊತೆ ಮೇಜಿನ ಬಳಿ. ಗುಡ್ಡದ ಮೇಲೆ ಸಿಗ್ನಲನ್ನು ಆಚೆಗೆ ದಾಟಿಸುವ ಒಂದು ಪೆಟ್ಟಿಗೆ ಇಟ್ಟಿದ್ದರು, ಅದರ ಕೆಲಸ ಗಡಿಬಿಡಿಯದು. ಇವರು ಒಂದನೇ ಟವರಿನ ಕಾಲಿಗೆ ಹೋಗಿ ಸೀಮೆಸುಣ್ಣದಲ್ಲಿ ಒಂದು ಉದ್ದ ಗೀಟು ಎಳೆದು ಬಂದರು. ಮೇಲಿನವರು ಮುಖ ಮುಖ ನೋಡಿಕೊಂಡರು. ಡ್ರೋನ್ ಎದ್ದಿತು.

ಪರದೆಯಲ್ಲಿ ಒಂದೊಂದೇ ಸಾಲಿನ ಮುಂದೆ ಹೊತ್ತು ಬಿದ್ದಿತು. ಒಂದು, ಎರಡು, ಮೂರು. ಫೋಟೊಗಳಲ್ಲಿ ಪಿಂಗಾಣಿ ಬಿಲ್ಲೆಯ ಮೇಲಿನ ಧೂಳೂ ಕಾಣುತ್ತಿತ್ತು. ಹನ್ನೆರಡರಲ್ಲಿ ಒಂದು ನಿಮಿಷ ನಿಂತಿತು. "ಯಾಕೆ ನಿಂತಿದೆ?" ಎಂದು ಕೇಳಿದ ಸಾಹೇಬರಿಗೆ ಹಿಂದಿನಿಂದ ಯಾರೋ, "ಊಟಕ್ಕೆ ಸಾರ್" ಎಂದರು. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಹದಿನಾರು ದಾಟಿತು. ಹದಿನೇಳು ಬರುವ ಮೊದಲು ಪರದೆ ನಿಂತುಹೋಯಿತು. ಸಂಪರ್ಕವಿಲ್ಲ ಎಂದು ಕೆಂಪು ಅಕ್ಷರ.

ನಾನು ಗಡಿಬಿಡಿಯ ಕಡೆ ನೋಡಿದೆ. ಅವನ ಮುಖ ಬಿಳಿಚಿಕೊಂಡಿತ್ತು. ಪೆಟ್ಟಿಗೆಯ ಬ್ಯಾಟರಿ ಚಾರ್ಜಿಗೆ ಹಾಕಲು ಮರೆತಿದ್ದ.

"ಏನಾಯ್ತು?" ಸಾಹೇಬರು ಕುರ್ಚಿಯಿಂದ ಎದ್ದರು.

"ಸಿಗ್ನಲ್ ಹೋಯ್ತು ಸಾರ್" ಎಂದಳು ಹುಡುಗಿ.

"ಹೋಯ್ತು ಅಂದ್ರೆ? ಡ್ರೋನ್ ಎಲ್ಲಿದೆ ಈಗ?"

ಇವರು ಕೈಗಡಿಯಾರ ನೋಡಿಕೊಂಡರು. "ಹದಿನಾರು ದಾಟಿ ಗಾಳಿಯಲ್ಲಿ ನಿಂತಿದೆ ಸಾರ್. ಒಂದು ನಿಮಿಷ ಕಾಯುತ್ತೆ, ಆಮೇಲೆ ತಿರುಗುತ್ತೆ. ಐದೂವರೆ ನಿಮಿಷ ಕೊಡಿ, ಹನ್ನೆರಡಕ್ಕೆ ಬರುತ್ತೆ."

"ನಿಮಗೆ ಹೇಗ್ರೀ ಗೊತ್ತು? ಕಾಣ್ತಿದೆಯಾ?"

"ಹೇಳಿ ಕಳಿಸಿದ್ದೀನಿ ಸಾರ್."

ಮೇಲಿನ ಕಚೇರಿಯವರೊಬ್ಬರು ಪೆನ್ನಿನ ಮುಚ್ಚಳ ತೆಗೆದು ಏನೋ ಬರೆಯಲು ಶುರುಮಾಡಿದರು. ಎಂಟು ಗಸ್ತಿನವರು ತಮಗೆ ಗೊತ್ತಿಲ್ಲದೆಯೇ ಒಬ್ಬರಿಗೊಬ್ಬರು ಹತ್ತಿರ ಸರಿದು ನಿಂತಿದ್ದರು. ಬರುವಾಗ ನಿಧಾನವಾಗಿ ಬರಲಿ ಎಂದು ಇವರು ಒಂದು ಟವರಿಗೆ ಒಂದು ನಿಮಿಷ ಎಂದು ತುಂಬಿದ್ದರು. ಈಗ ಅದನ್ನೇ ಮೆಲ್ಲಗೆ ಎಣಿಸತೊಡಗಿದರು. "ಹದಿನಾರು." ಬಯಲಿನಲ್ಲಿ ಎಲ್ಲರ ಕಣ್ಣೂ ಗುಡ್ಡದ ಮೇಲಿತ್ತು. "ಹದಿನೈದು." ನಾನು ಮಾತ್ರ ಕೆಂಪು ಅಕ್ಷರವನ್ನೇ ನೋಡುತ್ತಾ ಇದ್ದೆ. ನಾನು ಆ ಬಯಲಿನಲ್ಲಿರಲಿಲ್ಲ, ಅಡುಗೆಮನೆಯ ಹೊಸ್ತಿಲ ಮೇಲಿದ್ದೆ. "ಹದಿನಾಲ್ಕು." "ಹದಿಮೂರು."

"ಹನ್ನೆರಡು" ಎಂದರು. ಏನೂ ಆಗಲಿಲ್ಲ.

ಗಾಳಿ ಬೀಸಿತು. ಸಾಹೇಬರು ಗಂಟಲು ಸರಿಮಾಡಿಕೊಂಡರು. ಹುಡುಗಿ ನನ್ನ ಭುಜ ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಮಾರನೇ ದಿನವೂ ನೋಯುತ್ತಿತ್ತು. ಇವರು, "ನಿಂತಿದೆ ಅಲ್ಲಿ. ಸಿಗ್ನಲ್ ಹುಡುಕ್ತಿದೆ" ಎಂದರು. ದನಿ ಅಲುಗಲಿಲ್ಲ, ಆದರೆ ಜೇಬಿನೊಳಗಿನ ಕೈ ಸೀಮೆಸುಣ್ಣವನ್ನು ಪುಡಿ ಮಾಡುತ್ತಿದ್ದುದು ನನಗೊಬ್ಬಳಿಗೇ ಕಂಡಿತು.

ಆಗ ಲ್ಯಾಪ್‌ಟಾಪು ಕಿಣ್ ಎಂದಿತು. ಕೆಂಪು ಹೋಗಿ ಬೂದು ಬಂತು. ಡ್ರೋನ್ ದಾರಿಯಲ್ಲಿ ಬರೆದಿಟ್ಟುಕೊಂಡದ್ದೆಲ್ಲ ಒಂದೇ ಸಲ ಬಂದಿಳಿಯಿತು. ಎರಡನೇ ಮನೆಯಲ್ಲಿ, ಹದಿನಾರರ ಮುಂದೆ ಹೊತ್ತು. ಹದಿನೈದರ ಮುಂದೆ. ಹದಿನಾಲ್ಕು, ಹದಿಮೂರು, ಹನ್ನೆರಡು.

"ಎಲ್ಲಿ?" ಎಂದು ಸಾಹೇಬರು ಬಗ್ಗಿದರು. ಎಲ್ಲರೂ ಮೇಜಿನ ಸುತ್ತ ಮುಗಿಬಿದ್ದರು. ಗಡಿಬಿಡಿ ಅಳುತ್ತಾ ನಗುತ್ತಿದ್ದ. ನನಗೆ ಹದಿನಾರನೇ ಸಾಲೊಂದೇ ಕಾಣುತ್ತಿತ್ತು. ಹದಿನಾರರಲ್ಲಿ ಎರಡನೇ ಗೀಟು ಬಿದ್ದಿತ್ತು. ಇಪ್ಪತ್ನಾಲ್ಕು ವರ್ಷ ನಾನು ಕಾದದ್ದು ಅದಕ್ಕೇ ಎನ್ನಿಸಿ, ಅಷ್ಟು ಜನರೆದುರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಐದಾರು ನಿಮಿಷದಲ್ಲಿ ಅದು ಬಯಲಿನ ಮೇಲೆ ಕಾಣಿಸಿತು, ಲೈನಿನ ಪಕ್ಕದಲ್ಲೇ, ಒಂದು ಟವರನ್ನೂ ತಪ್ಪಿಸದೆ. ಇಳಿಯುವಾಗ ಸ್ವಲ್ಪ ಧೂಳೆಬ್ಬಿಸಿತು. ಬರೆಯುತ್ತಿದ್ದ ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ, ಇವರನ್ನು ಹತ್ತಿರ ಕರೆದು, "ಸಿಗ್ನಲ್ ಹೋದ್ರೆ ಏನಾಗುತ್ತೆ ಅಂತ ತೋರಿಸೋಕೆ ಬೇಕಂತಲೇ ಹೀಗೆ ಮಾಡಿದ್ರಾ?" ಎಂದು ಕೇಳಿದರು. ಇವರು ಗಡಿಬಿಡಿ ಕಡೆ ಒಂದು ಸಲ ನೋಡಿ, "ಇಲ್ಲ ಸಾರ್, ಮರೆತಿದ್ವಿ" ಎಂದರು. ನಿಜ ಹೇಳಲು ಎಷ್ಟು ಧೈರ್ಯ ಬೇಕೋ ಅಷ್ಟೂ ಇವರಿಗೆ ಇದೆ, ಆದರೆ ತಪ್ಪನ್ನು ಒಬ್ಬನ ತಲೆಗೆ ಕಟ್ಟುವುದು ಇವರಿಗೆ ಬರುವುದಿಲ್ಲ. ಆ ಅಧಿಕಾರಿ ನಕ್ಕು, ಅಲ್ಲೇ ಮೇಜಿನ ಮೇಲೆ ವರದಿಗೆ ಸಹಿ ಹಾಕಿದರು. ನಾನು ಟೈಪ್ ಮಾಡಿದ ಆ ದಪ್ಪ ಸಾಲಿನ ಕೆಳಗೇ. ಲೈನು ಗಸ್ತಿನವರ ಕೈಯಲ್ಲೇ ಉಳಿಯಿತು, ಒಂಬತ್ತು ಜನರದ್ದೂ.

ಗಲಾಟೆ ಮುಗಿದು ಕುರ್ಚಿ ಎತ್ತುವ ಹೊತ್ತಿಗೆ ಇವರು ನನ್ನ ಹತ್ತಿರ ಬಂದರು. ಜೇಬಿನಿಂದ ಉಳಿದಷ್ಟು ಸೀಮೆಸುಣ್ಣ ತೆಗೆದರು, ಹೆಬ್ಬೆರಳಿನ ಉಗುರಿನಷ್ಟಿತ್ತು. ಒಂದನೇ ಟವರಿನ ಕಡೆ ಕೈ ತೋರಿಸಿ, "ಬಂದಾಯ್ತಲ್ಲ. ಅಡ್ಡ ಗೀಟು ನೀನೇ ಎಳಿ" ಎಂದರು.

ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಟವರಿನ ಹತ್ತಿರ ಹೋದದ್ದು ಅದೇ ಮೊದಲು. ಕಬ್ಬಿಣ ಬಿಸಿಲಿಗೆ ಬೆಚ್ಚಗಿತ್ತು. ಅಭ್ಯಾಸವಿಲ್ಲದ ಕೈ, ಗೀಟು ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆಯಲು ಹೋದೆ, ಇವರು ಬಿಡಲಿಲ್ಲ.

"ಇರಲಿ ಬಿಡು. ಕಾಣುತ್ತೆ" ಎಂದರು.